ಕಾಲೇಜು ಸ್ಟೇಡಿಯಂಗೆ ಕಂಪನಿ ಹೆಸರು: ಯಾವ ಒಪ್ಪಂದ ಯಾರಿಗೆ ಸರಿ?

ಕಾಲೇಜಿನ ಮೈದಾನ ಹದಗೆಟ್ಟು, ದುರಸ್ತಿಗೆ ಹಣ ಎಲ್ಲಿಂದ ತರೋದು ಅಂತ ಆಡಳಿತ ಮಂಡಳಿ ಕೂತಾಗ, ಹುಬ್ಬಳ್ಳಿ-ಧಾರವಾಡದ ಕಡೆ ಯಾರಾದರೊಬ್ಬರು ಈ ಮಾತು ತೆಗೆಯುತ್ತಾರೆ: "ಯಾವುದರ ಕಂಪನಿ ಹೆಸರು ಇಟ್ಟುಬಿಡೋಣ್ರಿ, ರೊಕ್ಕ ಅವರ ಹಾಕ್ತಾರ." ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಆ ಒಂದು ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ಒಪ್ಪಂದಗಳಿವೆ. ಒಂದೊಂದರ ಹಣ ಬೇರೆ, ತೆರಿಗೆ ಬೇರೆ, ಬಿಡಿಸಿಕೊಳ್ಳುವ ಕಷ್ಟವೂ ಬೇರೆ. ಅವನ್ನು ಪಕ್ಕಪಕ್ಕ ಇಟ್ಟು ನೋಡದೆ ಸಹಿ ಹಾಕಬಾರದು. ಅದಕ್ಕೇ ಈ ಬರಹ.

ನಮ್ಮ ಕಡೆ ಹೆಸರಿಗೆ ತೂಕ ಜಾಸ್ತಿ. ಹುಬ್ಬಳ್ಳಿಯಲ್ಲಿ 1947ರಲ್ಲಿ ಶುರುವಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ದಾನ ಕೊಟ್ಟವರ ಹೆಸರು ಹೊತ್ತದ್ದು. ಅದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ವರ್ಷಗಳೇ ಆದವು, ಆದರೂ ಆಟೋದವರಿಗೆ ಇವತ್ತಿಗೂ "ಬಿವಿಬಿ" ಅಂದರೇ ತಿಳಿಯೋದು. ಧಾರವಾಡದ ಸ್ಟೇಡಿಯಂಗೆ ಉದ್ಯಮಿ ಆರ್.ಎನ್. ಶೆಟ್ಟಿ ಅವರ ಹೆಸರಿದೆ. ಗದಗಿನದಕ್ಕೆ ರಾಜಕೀಯ ಮುಖಂಡ ಕೆ.ಎಚ್. ಪಾಟೀಲರ ಹೆಸರು, ಹಾವೇರಿಯದಕ್ಕೆ ಸ್ವಾತಂತ್ರ್ಯ ಹೋರಾಟಗಾರ ಹೊಸಮನಿ ಸಿದ್ದಪ್ಪನವರ ಹೆಸರು. ಅಂದರೆ ಮೈದಾನಕ್ಕೆ ಒಂದು ಹೆಸರು ಇಟ್ಟರೆ ಊರಿನ ಜನ ಅದನ್ನು ಗೌರವ ಅಂತ ಓದುತ್ತಾರೆ. ಕಂಪನಿ ಅದನ್ನೇ ಜಾಹೀರಾತು ಅಂತ ಓದುತ್ತದೆ. ಈ ಎರಡು ಓದುಗಳ ನಡುವೆ ಕಾಲೇಜು ಸಿಕ್ಕಿಹಾಕಿಕೊಳ್ಳುತ್ತದೆ.

ಹಾಗಾಗಿ ಬೆಲೆಯ ಮಾತಿಗೆ ಮೊದಲು ಒಂದು ತೀರ್ಮಾನ ಆಗಬೇಕು. ನೀವು ತೆಗೆದುಕೊಳ್ಳುತ್ತಿರುವುದು ದಾನವಾ, ಬಾಡಿಗೆಯಾ? ದಾನಕ್ಕೆ ಹೆಸರು ಶಾಶ್ವತವಾಗಿ ಕೊಡಬಹುದು. ಬಾಡಿಗೆಗೆ ಕೊಟ್ಟ ಹೆಸರಿಗೆ ಕೊನೆಯ ದಿನಾಂಕ ಇರಲೇಬೇಕು. ಬಾಡಿಗೆಯ ಹಣ ಪಡೆದು ಶಾಶ್ವತ ಹೆಸರು ಕೊಡುವುದು ಅತಿ ದೊಡ್ಡ ನಷ್ಟದ ವ್ಯವಹಾರ, ಮತ್ತು ಕಾಲೇಜುಗಳು ಮಾಡುವುದು ಹೆಚ್ಚಾಗಿ ಅದನ್ನೇ.

ಪೂರ್ತಿ ಸ್ಟೇಡಿಯಂ ಕಂಪನಿ ಹೆಸರಿಗೆ

ಇದರಲ್ಲಿ ಹಣ ಎಲ್ಲಕ್ಕಿಂತ ಜಾಸ್ತಿ. ಕಂಪನಿಗೂ ಇದೇ ಇಷ್ಟ. ಪತ್ರಿಕೆಯಲ್ಲಿ ಪಂದ್ಯದ ಸುದ್ದಿ ಬಂದರೆ, ಆಹ್ವಾನ ಪತ್ರಿಕೆ ಅಚ್ಚಾದರೆ, ಮೊಬೈಲ್ ಮ್ಯಾಪಿನಲ್ಲಿ ಯಾರಾದರೂ ದಾರಿ ಹುಡುಕಿದರೆ ಅವರದೇ ಹೆಸರು. ಆದರೆ ಅಪಾಯ ಕೂಡ ಇದರಲ್ಲೇ ಜಾಸ್ತಿ.

ಅಮೆರಿಕದ ಕಾಲೇಜುಗಳು ಈ ದಾರಿ ಬಹಳ ಹಿಂದೆಯೇ ತುಳಿದಿವೆ, ಪೆಟ್ಟೂ ತಿಂದಿವೆ. ಸಿರಕ್ಯೂಸ್ ವಿಶ್ವವಿದ್ಯಾಲಯ 1980ರಲ್ಲಿ ತನ್ನ ಹೊಸ ಕ್ರೀಡಾಂಗಣಕ್ಕೆ ಕ್ಯಾರಿಯರ್ ಕಂಪನಿಯ ಹೆಸರಿಟ್ಟಿತು. ಕಂಪನಿ ಕೊಟ್ಟದ್ದು 27.5 ಲಕ್ಷ ಡಾಲರ್, ಕಟ್ಟಡಕ್ಕೆ ಆದ ಖರ್ಚಿನ ಸುಮಾರು ಹತ್ತರಲ್ಲಿ ಒಂದು ಭಾಗ. ಒಪ್ಪಂದಕ್ಕೆ ಕೊನೆಯ ದಿನಾಂಕ ಇರಲಿಲ್ಲ. ಮುಂದೆ ಹೆಸರು ಇಡುವ ಹಕ್ಕಿನ ಬೆಲೆ ಎಷ್ಟೋ ಪಟ್ಟು ಏರಿತು, ಆದರೆ ವಿಶ್ವವಿದ್ಯಾಲಯಕ್ಕೆ ಮಾರಲು ಏನೂ ಉಳಿದಿರಲಿಲ್ಲ. ಆ ಹೆಸರು ಹೋಗಿ ಬೇರೆ ಕಂಪನಿಯ ಹೆಸರು ಬಂದದ್ದು 2022ರಲ್ಲಿ.

ಇನ್ನು ಮರ್ಯಾದೆಯ ಪ್ರಶ್ನೆ. 2013ರಲ್ಲಿ ಫ್ಲೋರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯ 12 ವರ್ಷಕ್ಕೆ 60 ಲಕ್ಷ ಡಾಲರ್ ಪಡೆದು, ಖಾಸಗಿ ಜೈಲು ನಡೆಸುವ ಜಿಯೋ ಗ್ರೂಪ್ ಕಂಪನಿಯ ಹೆಸರಿಡಲು ಹೊರಟಿತು. ವಿದ್ಯಾರ್ಥಿಗಳು ಧರಣಿ ಕೂತರು, ಕೆಲವೇ ವಾರಗಳಲ್ಲಿ ಕಂಪನಿಯೇ ಹಿಂದೆ ಸರಿಯಿತು. 2018ರಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯ ತನ್ನ ಸ್ಟೇಡಿಯಂನಿಂದ ಪಾಪಾ ಜಾನ್ಸ್ ಎಂಬ ಪಿಜ್ಜಾ ಕಂಪನಿಯ ಹೆಸರು ಕಿತ್ತು ಹಾಕಿತು. ಕಾರಣ, ಕಂಪನಿಯ ಸ್ಥಾಪಕರು ಕಪ್ಪು ಜನರನ್ನು ಹೀನಾಯಿಸುವ ಪದ ಬಳಸಿದ್ದು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2021ರಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ಕಂಪನಿ ಜೊತೆ 10 ವರ್ಷಕ್ಕೆ 1.75 ಕೋಟಿ ಡಾಲರಿನ ಒಪ್ಪಂದ ಮಾಡಿತು. ಮರುವರ್ಷ ನವೆಂಬರ್‌ನಲ್ಲಿ ಆ ಕಂಪನಿಯೇ ದಿವಾಳಿ.

ಅಷ್ಟು ದೂರ ಯಾಕೆ? ಪುಣೆ ಹತ್ತಿರದ ಗಹುಂಜೆ ಸ್ಟೇಡಿಯಂ ನೋಡಿ. ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆ ಅದಕ್ಕೆ ಸಹಾರಾ ಸಮೂಹದ ಮುಖ್ಯಸ್ಥರ ಹೆಸರಿಟ್ಟಿತು. ಮಾತಾಗಿದ್ದದ್ದು 200 ಕೋಟಿಗೂ ಮೇಲೆ. ಬರಬೇಕಾದ ಕಂತು ಬರಲಿಲ್ಲ, ಹೆಸರು ತೆಗೆಯಬೇಕಾಯಿತು. ಕ್ರಿಕೆಟ್ ಸಂಸ್ಥೆಗೆ ವಕೀಲರನ್ನು ಇಟ್ಟು ಬಡಿದಾಡುವ ಶಕ್ತಿ ಇದೆ. ನಮ್ಮ ಡಿಗ್ರಿ ಕಾಲೇಜಿಗೆ ಇದೆಯಾ?

ಕಂಪನಿ ಕೆಟ್ಟದ್ದೇ ಆಗಬೇಕೆಂದಿಲ್ಲ. ಒಳ್ಳೆಯ ಸಂಸ್ಥೆಯ ಹೆಸರೂ ಮಾಯವಾಗುತ್ತದೆ. ನಮ್ಮ ಕಣ್ಣೆದುರೇ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಧಾರವಾಡದಲ್ಲೇ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನಲ್ಲಿ ವಿಲೀನವಾಯಿತು, ಮುಖ್ಯ ಕಚೇರಿ ಬಳ್ಳಾರಿಗೆ ಹೋಯಿತು. ಇವುಗಳಲ್ಲಿ ಒಂದರ ಹೆಸರನ್ನು 30 ವರ್ಷಕ್ಕೆ ಸ್ಟೇಡಿಯಂ ಮೇಲೆ ಬರೆಸಿದ್ದರೆ ಇವತ್ತು ಅಲ್ಲಿ ಯಾರ ಹೆಸರು ಇರಬೇಕು? ಒಪ್ಪಂದದಲ್ಲಿ ಬರೆಯದಿದ್ದರೆ ಉತ್ತರ ಇಲ್ಲ.

ಹೊಸದಾಗಿ ಕಟ್ಟುತ್ತಿರುವ, ಇನ್ನೂ ಹೆಸರಿಲ್ಲದ ಸ್ಟೇಡಿಯಂಗೆ ಮಾತ್ರ ಈ ದಾರಿ ಯೋಚಿಸಿ. ಐವತ್ತು ವರ್ಷದಿಂದ ಒಂದು ಹೆಸರಿನಲ್ಲಿ ಕರೆಯುತ್ತಿರುವ ಮೈದಾನಕ್ಕೆ ಹೊಸ ಫಲಕ ಹಾಕಿದರೂ ಜನ ಹಳೇ ಹೆಸರನ್ನೇ ಹೇಳುತ್ತಾರೆ. ಕಂಪನಿಗೂ ಅದು ಗೊತ್ತು, ಹಾಗಾಗಿ ಬೆಲೆ ಇಳಿಸುತ್ತದೆ. ಹಳೇ ಹೆಸರಿನ ಗೌರವ ಹೋಯಿತು, ಹಣವೂ ಪೂರ್ತಿ ಬರಲಿಲ್ಲ. ಅಂಥ ವ್ಯವಹಾರ ಬೇಡ.

ಗ್ಯಾಲರಿಗೆ, ಟ್ರ್ಯಾಕ್‌ಗೆ, ಪೆವಿಲಿಯನ್‌ಗೆ ಮಾತ್ರ

ನಮ್ಮ ಭಾಗದ ಹೆಚ್ಚಿನ ಕಾಲೇಜುಗಳಿಗೆ ನಾನು ಹೇಳುವುದು ಇದನ್ನೇ. ಸ್ಟೇಡಿಯಂ ಹೆಸರು ಕಾಲೇಜಿನ ಕೈಯಲ್ಲೇ ಇರಲಿ. ಒಳಗಿನ ಭಾಗಗಳಿಗೆ ಬೇರೆ ಬೇರೆಯವರ ಹೆಸರು, ಬೇರೆ ಬೇರೆ ಅವಧಿಗೆ.

ಅಹಮದಾಬಾದಿನ ನರೇಂದ್ರ ಮೋದಿ ಸ್ಟೇಡಿಯಂನಲ್ಲಿ ಬೌಲಿಂಗ್ ತುದಿಗಳಿಗೆ ಅದಾನಿ, ರಿಲಯನ್ಸ್ ಹೆಸರಿವೆ, ಸ್ಟೇಡಿಯಂ ಹೆಸರು ಬೇರೆಯೇ ಇದೆ. ಲಾಸ್ ಏಂಜಲೀಸ್‌ನ ಕೊಲಿಸಿಯಂ ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಸೈನಿಕರ ನೆನಪಿಗೆ ಕಟ್ಟಿದ್ದು. ಅದನ್ನು ನಡೆಸುವ ವಿಶ್ವವಿದ್ಯಾಲಯ 2018ರಲ್ಲಿ 6.9 ಕೋಟಿ ಡಾಲರಿಗೆ ಯುನೈಟೆಡ್ ಏರ್‌ಲೈನ್ಸ್ ಹೆಸರನ್ನು ಪೂರ್ತಿ ಸ್ಟೇಡಿಯಂಗೆ ಕೊಡಲು ಹೋದಾಗ ಮಾಜಿ ಸೈನಿಕರು ವಿರೋಧಿಸಿದರು. ಕೊನೆಗೆ ಕಂಪನಿ ಹೆಸರು ಒಳಗಿನ ಅಂಗಳಕ್ಕೆ ಮಾತ್ರ ಉಳಿಯಿತು, ಸ್ಮಾರಕದ ಹೆಸರು ಹಾಗೇ ಇತ್ತು. ನಮ್ಮ ಬೆಂಗಳೂರು ಮೆಟ್ರೊದ ಹಳದಿ ಮಾರ್ಗದಲ್ಲಿ ನಿಲ್ದಾಣದ ಹೆಸರು "ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ". ಕಂಪನಿಯ ಪ್ರತಿಷ್ಠಾನದ ಹೆಸರು ಮುಂದೆ ಬಂದಿದೆ, ಊರಿನ ಹೆಸರು ಅಳಿಸಿಲ್ಲ. ಒಪ್ಪಂದ ನಾಳೆ ಮುಗಿದರೂ ಕೋನಪ್ಪನ ಅಗ್ರಹಾರ ಇದ್ದೇ ಇರುತ್ತದೆ. ಈ ಮಾದರಿ ನನಗೆ ತುಂಬಾ ಹಿಡಿಸಿದೆ.

ಇನ್ನೊಂದು ಅನುಕೂಲ ಅಂದರೆ ಚಿಕ್ಕ ವ್ಯಾಪಾರಸ್ಥರೂ ಬರಬಹುದು. ರಾಣೆಬೆನ್ನೂರಿನ ಬೀಜದ ಕಂಪನಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ಗದಗಿನ ಸಹಕಾರಿ ಸೊಸೈಟಿ, ಹುಬ್ಬಳ್ಳಿಯ ಆಸ್ಪತ್ರೆ ಅಥವಾ ಚಿನ್ನದ ಅಂಗಡಿ. ಇವರ್ಯಾರೂ ಪೂರ್ತಿ ಸ್ಟೇಡಿಯಂ ಕೊಳ್ಳುವವರಲ್ಲ. ಆದರೆ ಒಂದು ಗ್ಯಾಲರಿ, ಸ್ಕೋರ್‌ಬೋರ್ಡ್, ಹುಡುಗಿಯರ ಡ್ರೆಸ್ಸಿಂಗ್ ರೂಮು, ಜಿಮ್ ಇವುಗಳ ಖರ್ಚು ಹೊರಬಲ್ಲರು. ಒಬ್ಬರು ಕೈಬಿಟ್ಟರೆ ಮೈದಾನ ನಿಲ್ಲುವುದಿಲ್ಲ.

ತೊಂದರೆಯೂ ಇದೆ. ಐದಾರು ಹೆಸರುಗಳನ್ನು ನಿಭಾಯಿಸಲು ಒಬ್ಬ ಮನುಷ್ಯ ಬೇಕು. ಯಾರ ಫಲಕ ಎಷ್ಟು ದೊಡ್ಡದು, ಒಂದೇ ಬಗೆಯ ವ್ಯಾಪಾರದ ಇಬ್ಬರನ್ನು ಸೇರಿಸಬಹುದಾ, ಇವೆಲ್ಲ ಮೊದಲೇ ಗೆರೆ ಹಾಕಿ ಇಡಬೇಕು. ಫಲಕಗಳಿಗೆ ಒಂದೇ ಅಳತೆ, ಒಂದೇ ಜಾಗ ಅಂತ ನಿಯಮ ಮಾಡದಿದ್ದರೆ ಮೈದಾನ ಬಸ್ ಸ್ಟ್ಯಾಂಡಿನ ಗೋಡೆ ಥರ ಆಗಿಬಿಡುತ್ತದೆ.

ದಾನಿಯ ಹೆಸರು, ಶಾಶ್ವತವಾಗಿ

ಇದು ನಮ್ಮ ನೆಲದ ಹಳೇ ಪದ್ಧತಿ, ಒಳ್ಳೆಯ ಪದ್ಧತಿ. ತಂದೆ-ತಾಯಿ ಹೆಸರಿನಲ್ಲಿ ಹಣ ಕೊಡುವವರು ಇವತ್ತಿಗೂ ಇದ್ದಾರೆ. ಹಳೇ ವಿದ್ಯಾರ್ಥಿಗಳಲ್ಲಂತೂ ಕೇಳಿದರೆ ಕೊಡುವವರು ಎಷ್ಟೋ ಜನ, ಕೇಳುವವರು ಕಡಿಮೆ.

ಇಲ್ಲಿ ತೆರಿಗೆಯ ಒಂದು ಅನುಕೂಲ ಇದೆ. ಹಲವು ಖಜಾಂಚಿಗಳು ಇದನ್ನು ಗಮನಿಸಿರುವುದಿಲ್ಲ. ಜಿಎಸ್‌ಟಿ ಬಗ್ಗೆ 2019ರ ಅಕ್ಟೋಬರ್ 11ರಂದು ಒಂದು ಸುತ್ತೋಲೆ ಬಂತು, ಸಂಖ್ಯೆ 116. ಧರ್ಮಾರ್ಥ ಸಂಸ್ಥೆಗೆ ವ್ಯಕ್ತಿಯೊಬ್ಬರು ದಾನ ಕೊಟ್ಟು, ಕೃತಜ್ಞತೆಗಾಗಿ ಅವರ ಹೆಸರು ಬರೆದರೆ, ಆ ಬರಹದಲ್ಲಿ ಅವರ ವ್ಯಾಪಾರದ ಪ್ರಚಾರ ಇಲ್ಲದಿದ್ದರೆ, ಆ ಹಣಕ್ಕೆ ಜಿಎಸ್‌ಟಿ ಇಲ್ಲ. ತಂದೆಯ ನೆನಪಿಗೆ ಮಗಳು ಕೊಟ್ಟ ದಾನ ಅಂತ ದೇವಸ್ಥಾನದ ಬಾಗಿಲ ಮೇಲೆ ಬರೆಸುವುದನ್ನೇ ಸುತ್ತೋಲೆ ಉದಾಹರಣೆಯಾಗಿ ಕೊಡುತ್ತದೆ. ಅದೇ ದಾನಿಯ ಹೆಸರಿನ ಕೆಳಗೆ ಅಂಗಡಿಯ ಹೆಸರು, ಲೋಗೊ, ಫೋನ್ ನಂಬರ್ ಬಂತೋ, ಅದು ಜಾಹೀರಾತು. ಆಗ ಶೇ 18 ಜಿಎಸ್‌ಟಿಯ ಮಾತು ಬರುತ್ತದೆ. ಕಲ್ಲು ಕೆತ್ತಿಸುವ ಮೊದಲೇ ಬರಹದ ಕರಡನ್ನು ಆಡಿಟರಿಗೆ ತೋರಿಸಿ.

ಶಾಶ್ವತ ಹೆಸರಿಗೆ ಎಷ್ಟು ಕೇಳಬೇಕು? ಮುಂದೆ ಲೆಕ್ಕ ಹಾಕಿದ್ದೇನೆ. ಅದಕ್ಕಿಂತ ಕಡಿಮೆಗೆ ಕೊಡಬೇಡಿ.

ಸಿಎಸ್‌ಆರ್ ಹಣ

ಸಿಎಸ್‌ಆರ್ ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. "ಕಂಪನಿ ಹೆಸರು ಇಡುತ್ತೇವೆ, ಸಿಎಸ್‌ಆರ್‌ನಿಂದ ಕೊಡಿ" ಅಂತ ಕೇಳಿಕೊಂಡು ಹೋಗುವವರು ಬಹಳ. ಹಾಗೆ ಕೇಳಿದರೆ ಕಂಪನಿಯ ಕಾನೂನು ವಿಭಾಗದವರು ಅಲ್ಲೇ ನಿಲ್ಲಿಸುತ್ತಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕ್ರೀಡಾ ತರಬೇತಿ ಆ ಪಟ್ಟಿಯಲ್ಲಿದೆ. ಆದರೆ ತನ್ನ ಸರಕಿನ ಪ್ರಚಾರಕ್ಕಾಗಿ ಪ್ರಾಯೋಜಕತ್ವ ಕೊಟ್ಟರೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಸಿಎಸ್‌ಆರ್ ಹಣ ಬಂದರೆ ಒಂದು ಸಣ್ಣ ಫಲಕ, ಅಷ್ಟೇ.

ಅರ್ಜಿ ಬರೆಯುವಾಗ "ಸ್ಟೇಡಿಯಂ ಕಟ್ಟುತ್ತೇವೆ" ಅನ್ನುವ ಬದಲು ಯಾವ ಆಟ, ಎಷ್ಟು ಮಕ್ಕಳು, ಯಾವ ಹಳ್ಳಿಗಳಿಂದ, ಕೋಚ್ ಯಾರು ಅನ್ನುವುದನ್ನು ಮುಂದಿಡಿ. ಗದಗ-ಬೆಟಗೇರಿಯ ಹಾಕಿ ಹುಡುಗರ ತರಬೇತಿ ಅಂದರೆ ಕಂಪನಿಯವರಿಗೆ ತಕ್ಷಣ ಅರ್ಥವಾಗುತ್ತದೆ. ನಿಮ್ಮ ಟ್ರಸ್ಟ್ ಅಥವಾ ಸೊಸೈಟಿ, ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಮಾಡಿಸುವ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು, ಅದಿಲ್ಲದೆ ಫೈಲ್ ಮುಂದೆ ಹೋಗುವುದಿಲ್ಲ. ಯೋಜನೆ ಮುಗಿದ ಮೇಲೆ ಹಣವೂ ನಿಲ್ಲುತ್ತದೆ. ಕಟ್ಟಿಸಲು ಇದು ಒಳ್ಳೆಯದು, ಕಾಯ್ದುಕೊಳ್ಳಲು ಆಗಿಬರುವುದಿಲ್ಲ.

ಬೌಂಡರಿ ಬೋರ್ಡು

ಟೂರ್ನಿ ಇರುವಷ್ಟು ದಿನ ಸುತ್ತಲೂ ಫ್ಲೆಕ್ಸ್, ಮುಗಿದ ಮೇಲೆ ಬಿಚ್ಚುವುದು. ಹಣ ಕಡಿಮೆ, ತಲೆನೋವೂ ಕಡಿಮೆ. ಹೆಸರು ಕೊಡಲು ಮನಸ್ಸು ಗಟ್ಟಿಯಾಗದ ಕಾಲೇಜು ಇದರಿಂದ ಶುರು ಮಾಡಲಿ.

ಹಣದ ಲೆಕ್ಕ

ಕಂಪನಿ ಎಷ್ಟು ಕೊಡುತ್ತದೆ ಅನ್ನುವುದಕ್ಕಿಂತ ಮೊದಲು, ಮೈದಾನಕ್ಕೆ ವರ್ಷಕ್ಕೆ ಎಷ್ಟು ಬೇಕು ಅನ್ನುವುದು ಗೊತ್ತಿರಬೇಕು. ಧಾರವಾಡದ ಕೆಂಪು ಮಣ್ಣಿನ ಮೈದಾನಕ್ಕೂ ನವಲಗುಂದ, ಗದಗಿನ ಕಡೆಯ ಎರಿ ಮಣ್ಣಿನ ಮೈದಾನಕ್ಕೂ ಖರ್ಚು ಒಂದೇ ಅಲ್ಲ. ಎರಿ ಮಣ್ಣು ಬೇಸಿಗೆಯಲ್ಲಿ ಹಿಮ್ಮಡಿ ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಒಂದು ಮಳೆ ಬಿದ್ದರೆ ಹೆಂಟೆ ಹೆಂಟೆಯಾಗಿ ಶೂಗೆ ಮೆತ್ತಿಕೊಳ್ಳುತ್ತದೆ, ಓಡುವ ಹುಡುಗಿ ಕಾಲು ಎತ್ತಿಡಲು ಒದ್ದಾಡುತ್ತಾಳೆ. ಅದರ ಮೇಲೆ ಗರಸು ಹಾಕಿಸಬೇಕು, ರೋಲರ್ ಓಡಿಸಬೇಕು, ನೀರು ಹರಿದುಹೋಗಲು ಗಟಾರ ತೋಡಿಸಬೇಕು. ಬೋರಿನ ಮೋಟರ್ ಸುಡುತ್ತದೆ. ಗ್ಯಾಲರಿಯ ತಗಡು ಗಾಳಿಗೆ ಎದ್ದುಹೋಗುತ್ತದೆ. ವಾಚ್‌ಮನ್ ಸಂಬಳ, ಟ್ರ್ಯಾಕಿನ ಸುಣ್ಣ, ಹುಡುಗಿಯರ ಶೌಚಾಲಯಕ್ಕೆ ನೀರು. ದೈಹಿಕ ಶಿಕ್ಷಣ ನಿರ್ದೇಶಕರನ್ನು ಕೂರಿಸಿಕೊಂಡು ಕೇಳಿ, ಪ್ರತಿ ಬಾಬಿನ ಖರ್ಚೂ ಅವರ ಬಾಯಲ್ಲೇ ಇರುತ್ತದೆ. ಸಿಂಥೆಟಿಕ್ ಟ್ರ್ಯಾಕ್ ಹಾಕಿಸುವ ಆಸೆ ಇದ್ದರೆ ಇನ್ನೊಂದು ಮಾತು: ಹಾಕಿಸಲು ಕೋಟಿಗಳು ಬೇಕು, ಆ ಮೇಲ್ಪದರವೂ ಒಂದು ದಿನ ಸವೆಯುತ್ತದೆ, ಮತ್ತೆ ಹಾಕಿಸಬೇಕು.

ಉದಾಹರಣೆಗೆ ವರ್ಷಕ್ಕೆ 6 ಲಕ್ಷ ಬೇಕು ಅಂತ ಇಟ್ಟುಕೊಳ್ಳೋಣ. ಒಬ್ಬರು "25 ಲಕ್ಷ ಒಂದೇ ಸಲ ಕೊಡುತ್ತೇವೆ, ಹೆಸರು ಶಾಶ್ವತ" ಅನ್ನುತ್ತಾರೆ. ಅದನ್ನು ಶೇ 7ರ ಬಡ್ಡಿಗೆ ಠೇವಣಿ ಇಟ್ಟರೆ ವರ್ಷಕ್ಕೆ 1.75 ಲಕ್ಷ. ನಿಮಗೆ ಬೇಕಾದದ್ದರ ಮೂರನೇ ಒಂದು ಭಾಗವೂ ಇಲ್ಲ. 6 ಲಕ್ಷ ಬಡ್ಡಿ ಬರಬೇಕಾದರೆ ಸುಮಾರು 86 ಲಕ್ಷ ಠೇವಣಿ ಬೇಕು, ಅದೂ ಬೆಲೆ ಏರುವುದನ್ನು ಲೆಕ್ಕಕ್ಕೆ ಹಿಡಿಯದೆ. ಇನ್ನೊಬ್ಬರು "5 ವರ್ಷಕ್ಕೆ, ಮೊದಲ ವರ್ಷ 4 ಲಕ್ಷ, ಪ್ರತಿ ವರ್ಷ ಶೇ 5 ಏರಿಕೆ" ಅನ್ನುತ್ತಾರೆ. ಐದು ವರ್ಷಕ್ಕೆ ಒಟ್ಟು 22 ಲಕ್ಷ ದಾಟುತ್ತದೆ. ಅಂದರೆ ಶಾಶ್ವತ ಹೆಸರಿಗೆ ಮೊದಲನೆಯವರು ಕೊಡಲು ಬಂದ ಹಣ ಹೆಚ್ಚುಕಡಿಮೆ ಐದು ವರ್ಷದ ಬಾಡಿಗೆಗೆ ಸಮ. ಮೀಟಿಂಗ್‌ನಲ್ಲಿ 25 ದೊಡ್ಡ ಸಂಖ್ಯೆ ಅಂತ ಕಾಣುತ್ತದೆ, ಅಲ್ವಾ? ಹಾಳೆಯ ಮೇಲೆ ಬರೆದು ನೋಡಿದರೆ ಮಾತ್ರ ನಿಜ ತಿಳಿಯುತ್ತದೆ.

ಸಹಿ ಹಾಕುವ ಮೊದಲು

ಜಾಗ ಯಾರ ಹೆಸರಿನಲ್ಲಿದೆ ಅಂತ ಉತಾರ ತೆಗೆಸಿ ನೋಡಿ. ಎಷ್ಟೋ ಕಾಲೇಜು ಮೈದಾನಗಳು ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹೊಲ, ಇಲ್ಲವೇ ಸರ್ಕಾರ ಶಿಕ್ಷಣಕ್ಕೆಂದು ಮಂಜೂರು ಮಾಡಿದ ಜಾಗ. ದಾನಪತ್ರದಲ್ಲಿ, ಮಂಜೂರಾತಿ ಆದೇಶದಲ್ಲಿ ಷರತ್ತು ಇದ್ದರೆ ನಿಮ್ಮ ಒಪ್ಪಂದ ನಿಲ್ಲುವುದಿಲ್ಲ. ಹೊಲ ಕೊಟ್ಟ ಮನೆತನದವರು ಊರಲ್ಲೇ ಇದ್ದರೆ ಅವರ ಮನೆಗೆ ಹೋಗಿ ಮಾತಾಡಿ. ಕಾಗದ ಕೇಳದಿದ್ದರೂ ಈ ಕೆಲಸ ಮಾಡಲೇಬೇಕು. ಸರ್ಕಾರಿ ಕಾಲೇಜಿನ ಪ್ರಾಂಶುಪಾಲರು ತಾವೇ ಸಹಿ ಹಾಕಲು ಬರುವುದಿಲ್ಲ, ಇಲಾಖೆಯ ಒಪ್ಪಿಗೆ ಬೇಕು.

ಒಪ್ಪಂದದಲ್ಲಿ ಅವಧಿ 5 ವರ್ಷ, ಹೆಚ್ಚೆಂದರೆ 10. ಪ್ರತಿ ವರ್ಷದ ಹಣ ಮುಂಗಡ, ಜೊತೆಗೆ ಒಂದು ವರ್ಷದ ಮೊತ್ತ ಡಿಪಾಸಿಟ್. ಜಿಎಸ್‌ಟಿ ಮೊತ್ತದ ಮೇಲೆ ಬೇರೆ. ಅದನ್ನು ಯಾರು ಕಟ್ಟಬೇಕು ಅನ್ನುವುದು ನಿಮ್ಮ ಸಂಸ್ಥೆಯ ಸ್ವರೂಪದ ಮೇಲೆ ಹೋಗುತ್ತದೆ, ಹಾಗಾಗಿ ಆಡಿಟರ್ ಕೈಯಲ್ಲಿ ಬರೆಸಿ. ಕಂಪನಿ ವಿಲೀನವಾದರೆ, ಹೆಸರು ಬದಲಿಸಿದರೆ, ಹೊಸ ಫಲಕದ ಖರ್ಚು ಅವರದು. ಕ್ರಿಮಿನಲ್ ಕೇಸು, ವಂಚನೆ, ದಿವಾಳಿ, ಸರ್ಕಾರದ ನಿಷೇಧ ಇವುಗಳಲ್ಲಿ ಏನೇ ಆದರೂ ಹೆಸರು ಇಳಿಸುವ ಹಕ್ಕು ಕಾಲೇಜಿಗೆ ಇರಬೇಕು, ಹಣ ವಾಪಸ್ ಕೇಳುವಂತಿರಬಾರದು. ಈ ಮಾತು ಸುಮ್ನೆ ಹೇಳುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂದ ಕೂಡಲೇ ಭಾರತ ಕ್ರಿಕೆಟ್ ತಂಡದ ಜೆರ್ಸಿಯಿಂದ ಡ್ರೀಮ್11 ಹೆಸರು ಹೋಯಿತು. ತಂಬಾಕು ಕಂಪನಿಯ ಪ್ರಾಯೋಜಕತ್ವಕ್ಕೆ 2003ರ ಕಾಯ್ದೆಯಲ್ಲೇ ತಡೆ ಇದೆ. ಗುಟ್ಕಾ, ಮದ್ಯದ ಹೆಸರನ್ನು ಬೇರೆ ಸರಕಿನ ಹೆಸರಿನಲ್ಲಿ ತಂದರೂ ಮಕ್ಕಳು ಆಡುವ ಜಾಗಕ್ಕೆ ಬೇಡ.

ಫಲಕದಲ್ಲಿ ಕನ್ನಡ ಶೇ 60 ಇರಬೇಕು, ಮೇಲ್ಭಾಗದಲ್ಲೇ ಇರಬೇಕು. 2024ರಿಂದ ಇದು ಕಾನೂನು. ರಸ್ತೆಗೆ ಕಾಣುವ ಬೋರ್ಡಾದರೆ ಪಾಲಿಕೆ ಅಥವಾ ನಗರಸಭೆಯ ಪರವಾನಗಿ ತೆಗೆದುಕೊಳ್ಳಿ.

ಬಂದ ಹಣ ಬೇರೆ ಖಾತೆಯಲ್ಲಿ ಇರಲಿ. ಅದು ಕಾಲೇಜಿನ ಸಾಮಾನ್ಯ ಖಾತೆಗೆ ಹೋದರೆ ಹೊಸ ಕಂಪ್ಯೂಟರ್ ಲ್ಯಾಬ್ ಆಗುತ್ತದೆ, ಬಣ್ಣ ಬಳಿಸಲು ಹೋಗುತ್ತದೆ, ಮೈದಾನಕ್ಕೆ ಮಾತ್ರ ಬರುವುದಿಲ್ಲ. ಆ ಖಾತೆಗೆ ಸಹಿ ಹಾಕುವ ಇಬ್ಬರಲ್ಲಿ ಒಬ್ಬರು ದೈಹಿಕ ಶಿಕ್ಷಣ ನಿರ್ದೇಶಕರಾಗಿರಲಿ.

ಯಾರಿಗೆ ಯಾವುದು

ಹುಬ್ಬಳ್ಳಿ-ಧಾರವಾಡದಲ್ಲಿ ಹೊಸ ಒಳಾಂಗಣ ಅಥವಾ ಫ್ಲಡ್‌ಲೈಟ್ ಮೈದಾನ ಕಟ್ಟುತ್ತಿರುವ ದೊಡ್ಡ ಖಾಸಗಿ ಸಂಸ್ಥೆಗೆ ಪೂರ್ತಿ ಹೆಸರಿನ ಒಪ್ಪಂದ ಆಗಬಹುದು, ಆದರೆ ಕಾಲೇಜಿನ ಹೆಸರು ಜೊತೆಗೆ ಇರಬೇಕು, ಅವಧಿ 10 ವರ್ಷ ದಾಟಬಾರದು. ಹಳೇ ಮೈದಾನ, ಹಳೇ ಹೆಸರು ಇರುವ ಅನುದಾನಿತ ಕಾಲೇಜಿಗೆ ಭಾಗಭಾಗದ ಹೆಸರೇ ಸರಿ. ಅದರ ಜೊತೆ ಹಳೇ ವಿದ್ಯಾರ್ಥಿಗಳಿಂದ ಠೇವಣಿ ಕೂಡಿಸುತ್ತಾ ಹೋಗಲಿ. ಗದಗ, ಹಾವೇರಿಯ ಚಿಕ್ಕ ಕಾಲೇಜುಗಳಿಗೆ ನನ್ನ ಸಲಹೆ: ಕಟ್ಟಿಸಲು ಸಿಎಸ್‌ಆರ್, ಕಾಯ್ದುಕೊಳ್ಳಲು ಊರಿನ ನಾಲ್ಕೈದು ವ್ಯಾಪಾರಸ್ಥರ ಗ್ಯಾಲರಿ ಬಾಡಿಗೆ. ಸರ್ಕಾರಿ ಕಾಲೇಜುಗಳು ಸದ್ಯಕ್ಕೆ ಟೂರ್ನಿಯ ಬೌಂಡರಿ ಬೋರ್ಡಿನಿಂದ ಶುರು ಮಾಡಲಿ, ಅದಕ್ಕೂ ಇಲಾಖೆಯ ಒಪ್ಪಿಗೆ ಬರೆದು ತೆಗೆದುಕೊಳ್ಳಲಿ.

ಯಾವ ದಾರಿ ಹಿಡಿದರೂ ಕಂಪನಿಯವರನ್ನು ಕರೆಯುವ ಮೊದಲು ಒಂದು ಸಂಜೆ ವಿದ್ಯಾರ್ಥಿಗಳನ್ನು, ಹಳೇ ಆಟಗಾರರನ್ನು ಮೈದಾನದಲ್ಲೇ ಸೇರಿಸಿ, ಯಾವ ಹೆಸರುಗಳು ಬಂದಿವೆ, ಎಷ್ಟು ಹಣ, ಎಷ್ಟು ವರ್ಷ ಅಂತ ಓದಿ ಹೇಳಿ. ಬೇಡ ಅನ್ನುವ ಹೆಸರು ಅಲ್ಲೇ ಗೊತ್ತಾಗುತ್ತದೆ. ಫಲಕ ಏರಿದ ಮೇಲೆ ಇಳಿಸುವುದಕ್ಕಿಂತ ಅದು ಸುಲಭ, ಖರ್ಚೂ ಇಲ್ಲ.